ಕಾಶಿಗೆ ನಾಲ್ಕು ಟಿಕೆಟ್: ಕಡಿಮೆ ದುಡ್ಡಿನ ವಿಮಾನ ಹುಡುಕುವ ಬಗೆ

ಅಮ್ಮನಿಗೆ ಕಾಶಿ ನೋಡಬೇಕು ಅಂತ ಬಹಳ ವರ್ಷದ ಆಸೆ. ಬೆಂಗಳೂರಿನಿಂದ ರೈಲಿನಲ್ಲಿ ಎರಡು ರಾತ್ರಿ ಕಳೆಯಲು ಅವಳ ಮಂಡಿನೋವು ಬಿಡುವುದಿಲ್ಲ. ಸರಿ, ವಿಮಾನದಲ್ಲೇ ಹೋಗೋಣ ಅಂತಾಯಿತು. ಅಮ್ಮ, ಚಿಕ್ಕಮ್ಮ, ನಾನು, ಒಂಬತ್ತು ವರ್ಷದ ಮಗಳು. ಒಟ್ಟು ನಾಲ್ಕು ಟಿಕೆಟ್. ಒಂದು ಭಾನುವಾರ ಸಂಜೆ ಲ್ಯಾಪ್‌ಟಾಪ್ ತೆಗೆದು ಕೂತೆ. ಹೋಗುವುದಕ್ಕೆ ಒಬ್ಬರಿಗೆ 5,200 ರೂಪಾಯಿ ಅಂತ ಕಂಡಿತು. ಪರವಾಗಿಲ್ಲ, ಅಗ್ಗವೇ ಅಂದುಕೊಂಡೆ. ದುಡ್ಡು ಕಟ್ಟುವ ಪುಟಕ್ಕೆ ಬರುವಷ್ಟರಲ್ಲಿ ತಲೆಗೆ 6,900 ಆಗಿತ್ತು. ಸೀಟಿನ ಚಾರ್ಜು, ವಿಮೆ, ಆನ್‌ಲೈನ್‌ನಲ್ಲಿ ಬುಕ್ ಮಾಡಿದ್ದಕ್ಕೆ ಹಾಕುವ ಕನ್ವೀನಿಯನ್ಸ್ ಫೀ, ಎಲ್ಲವೂ ಕರೆಯದೇ ಬಂದ ನೆಂಟರ ಹಾಗೆ ಬಿಲ್ಲಿನಲ್ಲಿ ಕೂತಿದ್ದವು.

ಲ್ಯಾಪ್‌ಟಾಪ್ ಮುಚ್ಚಿ ಎದ್ದೆ. ಆಮೇಲೆ ಎರಡು ವಾರ ಬಿಡುವಾದಾಗಲೆಲ್ಲ ನೋಡಿ ನೋಡಿ, ಅದೇ ನಾಲ್ಕು ಜನಕ್ಕೆ ಹೋಗಿಬರುವ ಟಿಕೆಟ್ ತೆಗೆದೆ. ಮೊದಲ ದಿನದ ಲೆಕ್ಕಕ್ಕಿಂತ ಒಟ್ಟು ಹದಿನಾಲ್ಕು ಸಾವಿರ ಕಡಿಮೆ ಬಿತ್ತು. ಹೇಗೆ ಅಂತ ಕೇಳಿದವರಿಗೆಲ್ಲ ಫೋನಿನಲ್ಲಿ ಹೇಳಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ. ನೀವು ಹೋಗುವುದು ಕಾಶಿಗೇ ಆಗಬೇಕಿಲ್ಲ. ದಿಲ್ಲಿಯಾಗಲಿ, ಗುವಾಹಟಿಯಾಗಲಿ, ಹುಡುಕುವ ದಾರಿ ಇದೇ.

ಮೊದಲು ಕ್ಯಾಲೆಂಡರ್, ಆಮೇಲೆ ಕಂಪನಿ

ಯಾವ ಏರ್‌ಲೈನ್ ಅಗ್ಗ ಅಂತ ಎಲ್ಲರೂ ಕೇಳುತ್ತಾರೆ. ಯಾವ ದಿನ ಅಗ್ಗ ಅಂತ ಯಾರೂ ಕೇಳುವುದಿಲ್ಲ. ಒಂದೇ ಕಂಪನಿಯ ಅದೇ ವಿಮಾನ ಶುಕ್ರವಾರ ಸಂಜೆ ಒಂದು ಬೆಲೆ, ಮಂಗಳವಾರ ಮಧ್ಯಾಹ್ನ ಇನ್ನೊಂದು ಬೆಲೆ. ಹಬ್ಬದ ಹಿಂದಿನ ದಿನ ಬಸ್ಸಿನವರು ದರ ಏರಿಸುವುದನ್ನು ನಾವೆಲ್ಲ ನೋಡಿದ್ದೇವಲ್ಲ, ಇದೂ ಹಾಗೆಯೇ. ಶುಕ್ರವಾರ ಸಂಜೆ, ಭಾನುವಾರ ಸಂಜೆ, ಸೋಮವಾರ ಬೆಳಿಗ್ಗೆ ಸಾಮಾನ್ಯವಾಗಿ ದುಬಾರಿ. ಮಂಗಳವಾರ, ಬುಧವಾರ ಕಡಿಮೆ. ಶನಿವಾರ ಮಧ್ಯಾಹ್ನವೂ ಎಷ್ಟೋ ಸಲ ಕಡಿಮೆ ಇರುತ್ತದೆ.

ತಿಂಗಳ ಲೆಕ್ಕ ಇನ್ನೂ ಮುಖ್ಯ. ದಸರಾ, ದೀಪಾವಳಿ, ಕ್ರಿಸ್‌ಮಸ್ ರಜೆ, ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆ, ಈ ಸಮಯದಲ್ಲಿ ಅಗ್ಗದ ಮಾತು ಮರೆತುಬಿಡಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಲಾಂಗ್ ವೀಕೆಂಡ್ ಬಿಟ್ಟರೆ ಆಗ ವಿಮಾನಗಳಿಗೆ ಜನ ಕಡಿಮೆ. ಆಷಾಢದಲ್ಲಿ ಮದುವೆ ಓಡಾಟವೂ ಇಲ್ಲ. ಟಿಕೆಟ್ ಕೈಗೆಟುಕುವ ಕಾಲ ಅದು.

ಆದರೆ ಅಗ್ಗ ಅಂತ ಹೊರಡುವ ಮುಂಚೆ ಹೋಗುವ ಊರಿನ ಹವಾಮಾನ ನೋಡಿ. ಕಾಶಿಯ ವಿಷಯದಲ್ಲಿ ನಾನು ಇಲ್ಲೇ ಎಡವುತ್ತಿದ್ದೆ. ಆಗಸ್ಟ್‌ನಲ್ಲಿ ಟಿಕೆಟ್ ಚೆನ್ನಾಗಿ ಇಳಿದಿತ್ತು. ಆದರೆ ಆಗ ಗಂಗೆ ಉಕ್ಕಿ ಘಾಟಿನ ಮೆಟ್ಟಿಲೆಲ್ಲ ನೀರಿನಡಿ ಇರುತ್ತವೆ, ದೋಣಿ ಬಿಡುವುದನ್ನೂ ನಿಲ್ಲಿಸುತ್ತಾರೆ. ಅಲ್ಲಿಗೆ ಹೋಗಿ ಮಾಡುವುದೇನು? ಡಿಸೆಂಬರ್ ಕೊನೆ, ಜನವರಿಯಲ್ಲಿ ಉತ್ತರದ ಕಡೆ ದಟ್ಟ ಮಂಜು. ಬೆಳಗಿನ ವಿಮಾನ ತಡವಾಗುವುದು, ರದ್ದಾಗುವುದು ಆ ಕಾಲದಲ್ಲಿ ಮಾಮೂಲು. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ, ಮಹಾಶಿವರಾತ್ರಿಗೆ ಬೆಲೆ ಏರುತ್ತದೆ. 2025ರ ಮಹಾಕುಂಭದ ಹೊತ್ತಿನಲ್ಲಂತೂ ಪ್ರಯಾಗರಾಜ್ ಟಿಕೆಟ್ ಎಷ್ಟು ಏರಿತ್ತು ಅಂದರೆ, ದರ ಇಳಿಸಿ ಅಂತ ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು.

ಇದನ್ನೆಲ್ಲ ಅಳೆದು ತೂಗಿ ಫೆಬ್ರವರಿ ಮೊದಲ ವಾರ ಅಂತ ಗೊತ್ತು ಮಾಡಿಕೊಂಡೆ. ಮಂಜು ಕಳೆದಿರುತ್ತದೆ, ಶಿವರಾತ್ರಿಗೆ ಇನ್ನೂ ದಿನ ಇರುತ್ತದೆ. ಮಂಗಳವಾರ ಹೋಗುವುದು, ಶನಿವಾರ ಬರುವುದು. ಮಗಳ ಸ್ಕೂಲಿಗೆ ರಜೆ ಚೀಟಿ ಬರೆದುಕೊಟ್ಟೆ. ಹದಿನಾಲ್ಕು ಸಾವಿರದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದದ್ದು ಆ ಚೀಟಿಯಿಂದಲೇ.

ಎಷ್ಟು ಮುಂಚೆ ಬುಕ್ ಮಾಡಬೇಕು? ನನ್ನ ಅನುಭವದಲ್ಲಿ ದೇಶದೊಳಗಿನ ಮಾಮೂಲಿ ಪ್ರಯಾಣಕ್ಕೆ ನಾಲ್ಕರಿಂದ ಎಂಟು ವಾರ ಸಾಕು. ಹಬ್ಬಕ್ಕಾದರೆ ಎರಡು ಮೂರು ತಿಂಗಳು ಮುಂಚೆ. ಆರು ತಿಂಗಳು ಮುಂಚೆ ತೆಗೆದರೆ ಇನ್ನೂ ಅಗ್ಗ ಅನ್ನುವುದು ಪ್ರತಿಸಲವೂ ನಿಜವಲ್ಲ. ಕೊನೇ ವಾರದಲ್ಲಿ ಖಾಲಿ ಸೀಟು ಚೀಪಾಗಿ ಬಿಡುತ್ತಾರೆ ಅಂತ ಕಾಯುವವರೂ ಇದ್ದಾರೆ. ನಮ್ಮ ದೇಶದಲ್ಲಿ ಆ ಜೂಜು ಆಡಬೇಡಿ. ಕೊನೇ ವಾರದಲ್ಲಿ ಓಡಾಡುವವರು ಆಫೀಸಿನ ದುಡ್ಡಿನವರು, ಇಲ್ಲವೇ ತುರ್ತಿಗೆ ಸಿಕ್ಕವರು. ಇಬ್ಬರ ಹತ್ತಿರವೂ ಕಂಪನಿಗಳು ಜಾಸ್ತಿಯೇ ವಸೂಲು ಮಾಡುತ್ತವೆ.

ಹುಡುಕುವ ಕ್ರಮ

ಗೂಗಲ್ ಫ್ಲೈಟ್ಸ್ ಅಥವಾ ಸ್ಕೈಸ್ಕ್ಯಾನರ್ ತೆರೆಯಿರಿ. ಇವು ಬೇರೆ ಬೇರೆ ಕಂಪನಿಗಳ ಬೆಲೆ ಒಟ್ಟಿಗೆ ತೋರಿಸುವ ಸೈಟುಗಳು, ನೋಡುವುದಕ್ಕೆ ಮಾತ್ರ. ಕೊಳ್ಳುವ ಮಾತು ಆಮೇಲೆ. ಹೊರಡುವ ಊರು, ತಲುಪುವ ಊರು ಹಾಕಿ ದಿನಾಂಕದ ಜಾಗ ಒತ್ತಿ. ಎರಡು ತಿಂಗಳ ಕ್ಯಾಲೆಂಡರ್ ಬಿಚ್ಚಿಕೊಂಡು ಪ್ರತಿ ದಿನದ ಕೆಳಗೆ ಬೆಲೆ ಕಾಣುತ್ತದೆ. ಅಗ್ಗದ ದಿನಗಳು ಹಸಿರು ಬಣ್ಣದಲ್ಲಿರುತ್ತವೆ. ಐದು ನಿಮಿಷದಲ್ಲಿ ಆ ದಾರಿಯ ಬೆಲೆಯ ಅಂದಾಜು ಸಿಗುತ್ತದೆ. ಆಮೇಲೆ ಬೆಲೆ ಬದಲಾದರೆ ತಿಳಿಸು ಅನ್ನುವ ಗುಂಡಿ ಒತ್ತಿಬಿಡಿ. ಏರಿದರೂ ಇಳಿದರೂ ಮೇಲ್ ಬರುತ್ತದೆ.

ಹೋಗುವುದನ್ನೂ ಬರುವುದನ್ನೂ ಬೇರೆ ಬೇರೆಯಾಗಿಯೇ ನೋಡಿ. ದೇಶದೊಳಗೆ ಕಡಿಮೆ ದರದ ಕಂಪನಿಗಳಲ್ಲಿ ಹೋಗಿಬರುವ ಟಿಕೆಟ್ ಒಟ್ಟಿಗೆ ತೆಗೆದರೆ ಸಾಮಾನ್ಯವಾಗಿ ವಿಶೇಷ ಲಾಭವೇನಿಲ್ಲ. ಹೋಗುವಾಗ ಒಂದು ಕಂಪನಿ, ಬರುವಾಗ ಇನ್ನೊಂದು ಕಂಪನಿ ಆದರೂ ನಡೆಯುತ್ತದೆ.

ಇನ್ನು ಒಂದು ಗುಟ್ಟು. ಇದು ಗೊತ್ತಿಲ್ಲದೆ ಎಷ್ಟು ಮನೆಯವರು ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೋ! ವಿಮಾನದ ನೂರೆಂಬತ್ತು ಸೀಟುಗಳನ್ನು ಕಂಪನಿಯವರು ಒಂದೇ ಬೆಲೆಗೆ ಇಟ್ಟಿರುವುದಿಲ್ಲ. ಇಷ್ಟು ಸೀಟು ಈ ಬೆಲೆಗೆ, ಅವು ಮುಗಿದರೆ ಇಷ್ಟು ಸೀಟು ಅದರ ಮೇಲಿನ ಬೆಲೆಗೆ ಅಂತ ಪಾಲು ಮಾಡಿರುತ್ತಾರೆ. ಈಗ ಅಗ್ಗದ ಪಾಲಿನಲ್ಲಿ ಎರಡೇ ಸೀಟು ಉಳಿದಿವೆ ಅನ್ನಿ. ನೀವು ನಾಲ್ಕು ಜನ ಅಂತ ಹಾಕಿ ಹುಡುಕಿದಿರಿ. ನಾಲ್ಕೂ ಒಂದೇ ಪಾಲಿನಲ್ಲಿ ಸಿಗಬೇಕು ಅಂತ ಯಂತ್ರ ಮೇಲಿನ ಪಾಲಿಗೆ ಹೋಗಿ, ನಾಲ್ಕು ಟಿಕೆಟ್‌ಗೂ ಜಾಸ್ತಿ ಬೆಲೆ ತೋರಿಸುತ್ತದೆ.

ನಾನು ಮಾಡಿದ್ದು ಇಷ್ಟೇ. ಮೊದಲು ಒಬ್ಬರು ಅಂತ ಹಾಕಿದೆ: 4,650. ಇಬ್ಬರು ಅಂತ ಹಾಕಿದೆ: ತಲೆಗೆ 4,650. ಮೂವರು ಅಂದ ಕೂಡಲೇ ತಲೆಗೆ 5,310ಕ್ಕೆ ಹಾರಿತು. ಸರಿ, ಅಮ್ಮ-ಚಿಕ್ಕಮ್ಮನಿಗೆ ಒಂದು ಬುಕಿಂಗ್, ನನಗೂ ಮಗಳಿಗೂ ಇನ್ನೊಂದು. ಎರಡು ಟಿಕೆಟ್ ಹಳೇ ಬೆಲೆಗೇ ಸಿಕ್ಕವು, 1,320 ರೂಪಾಯಿ ಉಳಿಯಿತು. ಹೀಗೆ ಒಡೆಯುವಾಗ ಮಕ್ಕಳನ್ನು ಮಾತ್ರ ತಂದೆ ಅಥವಾ ತಾಯಿಯ ಬುಕಿಂಗ್‌ನಲ್ಲೇ ಸೇರಿಸಿ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅದೇ ಬುಕಿಂಗ್‌ನಲ್ಲಿರುವ ಪೋಷಕರೊಬ್ಬರ ಪಕ್ಕ ಸೀಟು ಕೊಡಬೇಕು ಅಂತ 2024ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಕಂಪನಿಗಳಿಗೆ ಹೇಳಿದೆ. ಬುಕಿಂಗ್ ಬೇರೆಯಾದರೆ ಆ ಅನುಕೂಲ ಹೋಯಿತು.

ಪದೇ ಪದೇ ಹುಡುಕಿದರೆ ಬೆಲೆ ಏರಿಸುತ್ತಾರೆ, ಅದಕ್ಕೆ ಹುಡುಕಿದ್ದರ ಗುರುತು ಉಳಿಸದ ಇನ್‌ಕಾಗ್ನಿಟೋ ಕಿಟಕಿಯಲ್ಲಿ ನೋಡಿ ಅನ್ನುವ ಮಾತು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಎರಡು ಫೋನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಅದೇ ಬೆಲೆ. ನೀವು ನೋಡನೋಡುತ್ತ ಬೆಲೆ ಏರಿದರೆ, ಕೆಳಗಿನ ಪಾಲನ್ನು ಬೇರೆ ಯಾರೋ ಕೊಂಡುಕೊಂಡಿರುವುದೇ ಹೆಚ್ಚು.

ಪಕ್ಕದ ನಿಲ್ದಾಣ ಮರೆಯಬೇಡಿ

ಕಾಶಿಗೆ ಹೋಗಲು ವಾರಾಣಸಿಯಲ್ಲೇ ಇಳಿಯಬೇಕು ಅಂತಿಲ್ಲ. ಪ್ರಯಾಗರಾಜ್ ನಿಲ್ದಾಣ ಅಲ್ಲಿಂದ ಸುಮಾರು 130 ಕಿಲೋಮೀಟರ್. ಹೇಗಿದ್ದರೂ ತ್ರಿವೇಣಿ ಸಂಗಮಕ್ಕೆ ಹೋಗುವವರೇ ಅಲ್ವಾ? ಹೋಗುವಾಗ ವಾರಾಣಸಿಯಲ್ಲಿ ಇಳಿದು, ಬರುವಾಗ ಪ್ರಯಾಗರಾಜ್‌ನಿಂದ ಹತ್ತಿದರೆ ಒಂದೇ ರಸ್ತೆಯಲ್ಲಿ ಎರಡು ಸಲ ಓಡಾಡುವುದು ತಪ್ಪುತ್ತದೆ. ಅಯೋಧ್ಯೆಗೂ ಹೋಗುವವರು ಅಲ್ಲಿನ ನಿಲ್ದಾಣವನ್ನೂ ನೋಡಿ. ಬೆಲೆ ಹೋಲಿಸುವಾಗ ಟ್ಯಾಕ್ಸಿ ಖರ್ಚನ್ನೂ ಸೇರಿಸಿ, ಅಷ್ಟೇ.

ಹೊರಡುವ ಕಡೆಯೂ ಇದೇ ಲೆಕ್ಕ. ಕಾರವಾರದವರಿಗೆ ಗೋವಾದ ದಾಬೋಲಿಮ್ ಹುಬ್ಬಳ್ಳಿಗಿಂತ ಹತ್ತಿರ. ಗೋವಾದಲ್ಲಿ ಈಗ ಎರಡು ನಿಲ್ದಾಣ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ತುದಿಯಲ್ಲಿದೆ. ಟಿಕೆಟ್‌ನಲ್ಲಿ ಯಾವುದಿದೆ ನೋಡದೆ ಹೊರಟರೆ ಟ್ಯಾಕ್ಸಿಗೇ ಉಳಿತಾಯವೆಲ್ಲ ಹೋಗುತ್ತದೆ. ಕೊಡಗಿನವರು, ಅದರಲ್ಲೂ ವಿರಾಜಪೇಟೆ ಕಡೆಯವರು, ಕಣ್ಣೂರು ನೋಡಬೇಕು. ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದ್ ಇದೆ. ಹುಬ್ಬಳ್ಳಿ-ಬೆಳಗಾವಿಯವರು ಎರಡೂ ನಿಲ್ದಾಣ ಹೋಲಿಸಿ ನೋಡುವುದು ಒಳ್ಳೆಯದು. ಚಿಕ್ಕ ನಿಲ್ದಾಣಗಳಿಂದ ವಿಮಾನ ಎಲ್ಲ ದಿನವೂ ಇರುವುದಿಲ್ಲ. ಅದಕ್ಕೇ ಮೊದಲು ದಿನ ನೋಡಿ, ಆಮೇಲೆ ಬೆಲೆ. ಮೈಸೂರಿನವರಿಗೆ ದೇವನಹಳ್ಳಿಗೆ ನೇರವಾಗಿ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇರುವುದರಿಂದ ಬೆಂಗಳೂರು ದೊಡ್ಡ ತಲೆನೋವಲ್ಲ.

ದಿಲ್ಲಿಗೆ ಹೋಗುವವರು ಗಾಜಿಯಾಬಾದ್‌ನ ಹಿಂಡನ್ ನಿಲ್ದಾಣಕ್ಕೆ ಬೆಲೆ ಹಾಕಿ ನೋಡಿ. ಮುಂಬೈಗೆ 2025ರ ಡಿಸೆಂಬರ್ 25ರಿಂದ ನವಿ ಮುಂಬೈ ನಿಲ್ದಾಣವೂ ಸೇರಿದೆ. ಮುಂಬೈಯಲ್ಲಿ ವಿಮಾನ ಬದಲಿಸುವವರು ಇಳಿಯುವುದೂ ಹತ್ತುವುದೂ ಒಂದೇ ನಿಲ್ದಾಣವೇ ಅಂತ ಎರಡೆರಡು ಸಲ ನೋಡಿಕೊಳ್ಳಿ.

ಇಲ್ಲೇ ಸಮಯದ ಲೆಕ್ಕವನ್ನೂ ಮುಗಿಸಿಬಿಡೋಣ. ಬೆಳಿಗ್ಗೆ 5 ಗಂಟೆಯ ವಿಮಾನ ಆರುನೂರು ರೂಪಾಯಿ ಅಗ್ಗ ಇತ್ತು. ನಮ್ಮ ಮನೆ ಬನಶಂಕರಿ. 3 ಗಂಟೆಗೆ ನಿಲ್ದಾಣದಲ್ಲಿರಬೇಕು ಅಂದರೆ ಒಂದೂವರೆಗೆ ಕ್ಯಾಬು. ಆ ಹೊತ್ತಿನಲ್ಲಿ ಕ್ಯಾಬಿನವನು ಬರುತ್ತಾನೋ ಇಲ್ಲವೋ ಅನ್ನುವ ಕಾತರ, ರಾತ್ರಿಯಿಡೀ ಅಮ್ಮನಿಗೆ ನಿದ್ದೆ ಇಲ್ಲ, ಕಾಶಿಯಲ್ಲಿ ಬೆಳಿಗ್ಗೆ 8 ಗಂಟೆಗೆ ಇಳಿದರೆ ಹೋಟೆಲಿನವರು ರೂಮು ಕೊಡುವುದು ಮಧ್ಯಾಹ್ನ. ಬೇಡ ಅಂದೆ. ಒಬ್ಬರೇ ಹೋಗುವ ಹುಡುಗರಾದರೆ ಬಿಎಂಟಿಸಿಯ ವಾಯುವಜ್ರ ಬಸ್ ಹತ್ತಿ, ಕಿಟಕಿಗೆ ತಲೆ ಆನಿಸಿ ಹೋಗಬಹುದು. ಮನೆಮಂದಿ ಹೊರಟಾಗ ಆರುನೂರಕ್ಕೆ ಇಷ್ಟೆಲ್ಲ ಪಾಡು ಪಡುವುದು ಬೇಕಾ?

ರಾತ್ರಿ 12 ದಾಟಿದ ವಿಮಾನಗಳ ಬಗ್ಗೆ ಒಂದು ಮಾತು. ನಮ್ಮ ಭಾವ 14ನೇ ತಾರೀಕಿನ ರಾತ್ರಿ 12.20ರ ಟಿಕೆಟ್ ತೆಗೆದು, 14ರ ರಾತ್ರಿ ಊಟ ಮುಗಿಸಿ ನಿಲ್ದಾಣಕ್ಕೆ ಹೋದರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. 14ನೇ ತಾರೀಕು 12.20 ಅಂದರೆ 13ರ ರಾತ್ರಿ ಮನೆ ಬಿಡಬೇಕು.

ಯಾವ ಕಂಪನಿ?

ಈಗ ಕಂಪನಿಯ ವಿಷಯ. ಕಡಿಮೆ ದರದ ವಿಮಾನ ನಮ್ಮವರಿಗೆ ಹೊಸದಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿಗೆ ಟಿಕೆಟ್ ಮಾರಿದ್ದು ಇನ್ನೂ ಹಲವರಿಗೆ ನೆನಪಿದೆ. ಆ ಕಂಪನಿ ಆಮೇಲೆ ಕಿಂಗ್‌ಫಿಶರ್ ಜೊತೆ ಸೇರಿತು. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್. 2024ರಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಸೇರಿಹೋಯಿತು. ಇದನ್ನು ಹೇಳುವುದಕ್ಕೆ ಕಾರಣ ಇದೆ. ಗೋ ಫಸ್ಟ್ ನಿಂತಾಗ ಮುಂಗಡ ಟಿಕೆಟ್ ತೆಗೆದವರು ದುಡ್ಡಿಗಾಗಿ ಅಲೆದರು. ಒಂದು ಕಂಪನಿ ಸಂಬಳ ಕೊಡುತ್ತಿಲ್ಲ, ವಿಮಾನಗಳು ನೆಲಕ್ಕೆ ಕೂತಿವೆ ಅಂತ ಪೇಪರಿನಲ್ಲಿ ಬರುತ್ತಿದ್ದರೆ, ಅದರಲ್ಲಿ ಆರು ತಿಂಗಳ ಮುಂದಿನ ಟಿಕೆಟ್ ಎಷ್ಟೇ ಅಗ್ಗವಾದರೂ ಬೇಡ.

ಈಗ ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್, ಆಕಾಶ, ಸ್ಪೈಸ್‌ಜೆಟ್ ಕಡಿಮೆ ದರದ ಸಾಲಿನವು. ಇವುಗಳ ಮಾಮೂಲಿ ಟಿಕೆಟ್‌ನಲ್ಲಿ ಊಟ ಸೇರಿರುವುದಿಲ್ಲ. ಏರ್ ಇಂಡಿಯಾದಲ್ಲಿ ಊಟ ಸೇರಿರುತ್ತದೆ. ಚಿಕ್ಕ ಊರುಗಳಿಗೆ ಬೆಂಗಳೂರಿನದೇ ಆದ ಸ್ಟಾರ್ ಏರ್ ಇದೆ. ಅದರ ವಿಮಾನಗಳು ಚಿಕ್ಕವು, 50 ಮತ್ತು 76 ಸೀಟಿನವು.

ಹೆಸರು ನೋಡಿ ಆರಿಸುವ ಬದಲು ಮೂರು ಸಂಗತಿ ನೋಡಿ. ಒಂದು, ನೇರ ವಿಮಾನ ಯಾರದಿದೆ. ಬೆಂಗಳೂರಿನಿಂದ ವಾರಾಣಸಿಗೆ ನೇರ ವಿಮಾನ ಎರಡೂವರೆ ಗಂಟೆ ಚಿಲ್ಲರೆ. ದಿಲ್ಲಿಯಲ್ಲೋ ಮುಂಬೈಯಲ್ಲೋ ಇಳಿದು ಹತ್ತುವುದಾದರೆ ಅರ್ಧ ದಿನ ಹೋಯಿತು. ಎಂಟುನೂರು ರೂಪಾಯಿ ಉಳಿಸಿ, ಮಧ್ಯದ ನಿಲ್ದಾಣದಲ್ಲಿ ನಾಲ್ಕು ಜನ ಕಾಫಿ-ತಿಂಡಿ ತಿಂದರೆ ಆ ದುಡ್ಡು ಅಲ್ಲೇ ಕರಗುತ್ತದೆ. ಎರಡು, ಅದೇ ಕಂಪನಿಯ ಇನ್ನೊಂದು ವಿಮಾನ ಅದೇ ದಿನ ಇದೆಯೋ. ಇದ್ದರೆ, ಒಂದು ರದ್ದಾದರೂ ಇನ್ನೊಂದಕ್ಕೆ ಹಾಕುತ್ತಾರೆ. ಮೂರು, ಸಮಯ ಪಾಲನೆ. ಡಿಜಿಸಿಎ ಪ್ರತಿ ತಿಂಗಳು ಯಾವ ಕಂಪನಿ ಎಷ್ಟು ಸಲ ಸರಿಯಾದ ಸಮಯಕ್ಕೆ ಹಾರಿತು, ಎಷ್ಟು ರದ್ದು ಮಾಡಿತು, ಎಷ್ಟು ದೂರು ಬಂದವು ಅಂತ ಪಟ್ಟಿ ಹೊರಡಿಸುತ್ತದೆ. ಬೆಂಗಳೂರಿನ ಲೆಕ್ಕವೂ ಅದರಲ್ಲಿರುತ್ತದೆ. ಜಾಹೀರಾತಿಗಿಂತ ಈ ಪಟ್ಟಿ ವಾಸಿ.

ದೊಡ್ಡ ಕಂಪನಿ ಅಂದರೆ ಭಯವೇ ಇಲ್ಲ ಅಂತಲೂ ಅಲ್ಲ. 2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ಸಿಬ್ಬಂದಿ ಸಾಲದೆ ಇಂಡಿಗೋ ಸಾವಿರಾರು ವಿಮಾನ ರದ್ದು ಮಾಡಿತು. ಉಳಿದವುಗಳ ಬೆಲೆ ಏರಿ, ಸರ್ಕಾರ ದರಕ್ಕೆ ಮಿತಿ ಹಾಕಬೇಕಾಯಿತು. ಮದುವೆ, ಪರೀಕ್ಷೆ, ಇಂಟರ್‌ವ್ಯೂ ಇದ್ದರೆ ಅದೇ ದಿನದ ವಿಮಾನ ಹಿಡಿಯುವ ಧೈರ್ಯ ಮಾಡಬೇಡಿ. ಹಿಂದಿನ ದಿನವೇ ತಲುಪಿ.

ದುಡ್ಡು ಕಟ್ಟುವ ಪುಟ

ಹುಡುಕಿದ್ದು ಎಲ್ಲೇ ಆಗಲಿ, ಟಿಕೆಟ್ ತೆಗೆಯುವುದು ಕಂಪನಿಯ ಸ್ವಂತ ಸೈಟಿನಲ್ಲೋ ಆ್ಯಪ್‌ನಲ್ಲೋ ಆದರೆ ನೆಮ್ಮದಿ. ನೂರಿನ್ನೂರು ರೂಪಾಯಿ ಆಸೆಗೆ ನಾನೊಮ್ಮೆ ಹೆಸರೇ ಕೇಳದ ಸೈಟಿನಲ್ಲಿ ಟಿಕೆಟ್ ತೆಗೆದಿದ್ದೆ. ವಿಮಾನ ರದ್ದಾಯಿತು. ಕಂಪನಿಯವರು ಸೈಟಿನವರನ್ನು ಕೇಳಿ ಅಂದರು, ಸೈಟಿನವರು ಕಂಪನಿಯಿಂದ ಇನ್ನೂ ಬಂದಿಲ್ಲ ಅಂದರು. ದುಡ್ಡು ಕೈಸೇರುವ ಹೊತ್ತಿಗೆ ಮೂರು ತಿಂಗಳು. ಅದರಲ್ಲೂ ಸೈಟಿನವರ ಫೀ ಕಳೆದು.

ಪ್ರಯಾಣದ ಸೈಟುಗಳಲ್ಲಿ ಬ್ಯಾಂಕ್ ಕಾರ್ಡಿನ ರಿಯಾಯಿತಿ ಇರುವುದು ನಿಜ. ಆದರೆ ಕೂಪನ್‌ನಲ್ಲಿ ಸಾವಿರ ಕಡಿಮೆ ಅಂತ ದೊಡ್ಡದಾಗಿ ತೋರಿಸಿ, ಕನ್ವೀನಿಯನ್ಸ್ ಫೀ ಅಂತ ತಲೆಗೆ ನೂರಾರು ರೂಪಾಯಿ ವಾಪಸ್ ತೆಗೆದುಕೊಳ್ಳುತ್ತಾರೆ. ಈ ಫೀ ಬೀಳುವುದು ಒಬ್ಬೊಬ್ಬರಿಗೆ, ಒಂದೊಂದು ದಾರಿಗೆ. ನಾಲ್ಕು ಜನ ಹೋಗಿಬಂದರೆ ಎಂಟು ಸಲ. ಟಿಕೆಟ್ ರದ್ದು ಮಾಡಿದರೆ ಇದು ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಕಂಪನಿಗಳ ಸೈಟಿನಲ್ಲೂ ಫೀ ಇದೆ. ಹಾಗಾಗಿ ಎರಡೂ ಕಡೆ ಕೊನೇ ಪುಟದವರೆಗೆ ಹೋಗಿ, ಅಲ್ಲಿ ಕಾಣುವ ಒಟ್ಟು ಮೊತ್ತವನ್ನೇ ಹೋಲಿಸಿ. ಮೊದಲ ಪುಟದ ಬೆಲೆ ಲೆಕ್ಕಕ್ಕಿಲ್ಲ.

ಆ ಕೊನೇ ಪುಟಕ್ಕೆ ಹೋಗುವ ದಾರಿಯಲ್ಲಿ ಪ್ರತಿ ಪರದೆಯಲ್ಲೂ ಕೆಳಗಿನವರೆಗೆ ಜಾರಿಸಿ ನೋಡಿ. ವಿಮೆಯ ಮುಂದೆ ಟಿಕ್ ಬಿದ್ದಿದೆಯಾ? ತೆಗೆಯಿರಿ. ಬೇಗ ಹತ್ತಿಸುವ ಸೌಲಭ್ಯ? ವಿಮಾನ ಎಲ್ಲರನ್ನೂ ಕೂರಿಸಿಕೊಂಡೇ ಹೊರಡುವುದು, ಬೇಡ. ಸೀಟಿನ ನಕ್ಷೆ ಬಂದಾಗ ಆರಿಸಲೇಬೇಕೇನೋ ಅನ್ನಿಸುತ್ತದೆ. ಮೂಲೆಯಲ್ಲಿ ಚಿಕ್ಕದಾಗಿ ಸ್ಕಿಪ್ ಅಂತ ಇರುತ್ತದೆ, ಅದನ್ನು ಒತ್ತಿ. ವೆಬ್ ಚೆಕ್-ಇನ್ ಮಾಡುವಾಗ, ಅಂದರೆ ಹೊರಡುವ ಮುಂಚೆ ಆನ್‌ಲೈನ್‌ನಲ್ಲೇ ಬೋರ್ಡಿಂಗ್ ಪಾಸು ತೆಗೆಯುವಾಗ, ಯಾವುದೋ ಒಂದು ಸೀಟು ಪುಕ್ಕಟೆ ಸಿಕ್ಕೇ ಸಿಗುತ್ತದೆ. ಅಮ್ಮನಿಗೆ ಮಾತ್ರ ನಡುವಿನ ದಾರಿಯ ಪಕ್ಕದ ಸೀಟು ದುಡ್ಡು ಕೊಟ್ಟು ತೆಗೆದೆ. ಮಂಡಿ ಮಡಚಿ ಕೂರಲು ಆಗುವುದಿಲ್ಲ, ಆ ದುಡ್ಡಿಗೆ ಬೇಸರವಿಲ್ಲ. ಗಾಲಿಕುರ್ಚಿ ಬೇಕಿದ್ದವರೂ ಬುಕ್ ಮಾಡುವಾಗಲೇ ಕೇಳಿಕೊಳ್ಳಿ.

ಅರವತ್ತು ದಾಟಿದವರಿಗೆ, ವಿದ್ಯಾರ್ಥಿಗಳಿಗೆ, ಸೈನಿಕರಿಗೆ ಬೇರೆ ದರ ಇರುತ್ತದೆ. ಗುರುತಿನ ಚೀಟಿ ಕಡ್ಡಾಯ. ಆದರೆ ಸೀನಿಯರ್ ಸಿಟಿಜನ್ ಅಂತ ಒತ್ತಿದ ಕೂಡಲೇ ಅದೇ ಅಗ್ಗ ಅಂದುಕೊಳ್ಳಬೇಡಿ. ರಿಯಾಯಿತಿ ಸಾಮಾನ್ಯವಾಗಿ ಮೂಲ ದರದ ಮೇಲೆ ಮಾತ್ರ, ತೆರಿಗೆ, ಶುಲ್ಕಗಳ ಮೇಲಲ್ಲ. ಅಮ್ಮನಿಗೆ ಹಾಗೆ ಹಾಕಿ ನೋಡಿದರೆ ಮಾಮೂಲಿ ಆಫರ್ ಟಿಕೆಟ್ಟೇ ಕಡಿಮೆ ಇತ್ತು. ವಿದ್ಯಾರ್ಥಿ ದರದ ಲಾಭ ಇರುವುದು ಹೆಚ್ಚಾಗಿ ಲಗೇಜಿನಲ್ಲಿ. ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಅದು ಒಳ್ಳೆಯದು.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ಬೇರೆಯದೇ ಕಷ್ಟ. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಮುಂದೆ ಒಂದೆರಡು ಇನಿಷಿಯಲ್ ಅಷ್ಟೇ. ಆಧಾರ್‌ನಲ್ಲಿ ಹೇಗಿದೆಯೋ ಹಾಗೇ ಹಾಕಿ. ಸರ್‌ನೇಮ್ ಜಾಗ ಖಾಲಿ ಬಿಡಲು ಬರದಿದ್ದರೆ ಏನು ಮಾಡಬೇಕು ಅಂತ ಪ್ರತಿ ಕಂಪನಿಯೂ ಅಲ್ಲೇ ಬರೆದಿರುತ್ತದೆ, ಓದಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರು ದುಬೈಗೆ ಹೋಗುವ ಮುಂಚೆ ಇನ್ನೂ ಹುಷಾರಾಗಿರಿ. ಒಂದೇ ಹೆಸರಿನ ಪಾಸ್‌ಪೋರ್ಟ್‌ಗೆ ಪ್ರವಾಸಿ ವೀಸಾ ಇಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿದೆ. ಟಿಕೆಟ್ ತೆಗೆದ ಮೇಲೆ ಇದು ಗೊತ್ತಾದರೆ ಉಪಯೋಗವಿಲ್ಲ.

ರದ್ದಾದರೆ, ತಡವಾದರೆ

ತಪ್ಪು ದಿನಕ್ಕೆ ಬುಕ್ ಮಾಡಿಬಿಟ್ಟಿರಾ? ಗಾಬರಿ ಬೇಡ. ದೇಶದೊಳಗಿನ ಪ್ರಯಾಣಕ್ಕೆ ಹೊರಡಲು ಕನಿಷ್ಠ ಏಳು ದಿನ ಇದ್ದು, ಕಂಪನಿಯ ಸೈಟಿನಲ್ಲೇ ತೆಗೆದಿದ್ದರೆ, ಬುಕ್ ಮಾಡಿದ 48 ಗಂಟೆಯೊಳಗೆ ದಂಡ ಇಲ್ಲದೆ ರದ್ದು ಮಾಡಬಹುದು. ದಿನ ಬದಲಿಸಿದರೆ ಹೊಸ ಟಿಕೆಟ್‌ನ ದರದ ವ್ಯತ್ಯಾಸ ಕೊಡಬೇಕಾಗಬಹುದು. ನೇರವಾಗಿ ಕಂಪನಿಯಲ್ಲೇ ತೆಗೆಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಹೆಚ್ಚಿನವರು ಕೇಳದೇ ಬಿಡುವ ದುಡ್ಡು ಇನ್ನೊಂದಿದೆ. ವಾಪಸ್ ಕೊಡುವುದಿಲ್ಲ ಅಂತ ಬರೆದ ಆಫರ್ ಟಿಕೆಟ್ ಆದರೂ, ನೀವು ರದ್ದು ಮಾಡಿದರೆ ಅಥವಾ ಹೋಗದೇ ಉಳಿದರೆ, ಅದರಲ್ಲಿನ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರ ಶುಲ್ಕವನ್ನು ಕಂಪನಿ ವಾಪಸ್ ಕೊಡಬೇಕು. ಮೂಲ ದರ ಹೋಯಿತು ಅಂತ ಇಡೀ ಟಿಕೆಟ್ ಬಿಟ್ಟುಬಿಡಬೇಡಿ. ಕೇಳಿ.

ಕಂಪನಿಯೇ ವಿಮಾನ ರದ್ದು ಮಾಡಿದರೆ ಬೇರೆ ವಿಮಾನ ಅಥವಾ ಪೂರ್ತಿ ದುಡ್ಡು, ಆಯ್ಕೆ ನಿಮ್ಮದು. ಆರು ಗಂಟೆಗಿಂತ ಜಾಸ್ತಿ ತಡವಾಗುತ್ತದೆ ಅಂದರೂ ಹೀಗೆಯೇ. ಸಾಕಷ್ಟು ಮುಂಚೆ ತಿಳಿಸದೆ, ತನ್ನದೇ ಕಾರಣಕ್ಕೆ ರದ್ದು ಮಾಡಿದ್ದರೆ ಪ್ರಯಾಣದ ಅವಧಿ ನೋಡಿ 5,000ದಿಂದ 10,000 ರೂಪಾಯಿವರೆಗೆ ಪರಿಹಾರವೂ ಇದೆ. ಟಿಕೆಟ್‌ನ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ ಅದಕ್ಕಿಂತ ಕಡಿಮೆ ಇದ್ದರೆ, ಸಿಗುವುದು ಅಷ್ಟು ಮಾತ್ರ. ಮಂಜು, ಮಳೆಗೆ ಪರಿಹಾರ ಇಲ್ಲ. ಆದರೆ ಟಿಕೆಟ್ ದುಡ್ಡು ಬರಬೇಕು. ಕೌಂಟರ್‌ನಲ್ಲಿ ಕೂಗಾಡುವುದಕ್ಕಿಂತ ಬೋರ್ಡಿಂಗ್ ಪಾಸು, ಮೆಸೇಜುಗಳನ್ನು ಫೋಟೋ ತೆಗೆದಿಟ್ಟುಕೊಂಡು ಸರ್ಕಾರದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ. ಗ್ರಾಹಕ ಸಹಾಯವಾಣಿ 1915 ಕೂಡ ಇದೆ.

ವಿದೇಶಕ್ಕೆ ಹೊರಟವರಿಗೆ ಎರಡೇ ಮಾತು. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ನೇರ ವಿಮಾನಗಳಿರುವಾಗ ಕರಾವಳಿಯವರು ಬೆಂಗಳೂರಿಗೆ ಬಂದು ಹತ್ತುವ ಮುಂಚೆ ಬಸ್ಸಿನ ಖರ್ಚು ಸೇರಿಸಿ ಹೋಲಿಸಲಿ. ಇನ್ನು ಕ್ವಾಲಾಲಂಪುರವರೆಗೆ ಒಂದು ಟಿಕೆಟ್, ಅಲ್ಲಿಂದ ಮುಂದಕ್ಕೆ ಇನ್ನೊಂದು ಅಂತ ಬೇರೆ ಬೇರೆ ತೆಗೆದರೆ ಅಗ್ಗವಾಗಿ ಕಾಣುತ್ತದೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆಯಲ್ಲ. ಲಗೇಜು ತೆಗೆದುಕೊಂಡು ಮತ್ತೆ ಕೊಡಲು ಆ ದೇಶದ ವೀಸಾ ಬೇಕಾಗಬಹುದು. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ, ಡಾನ್ ಮುವಾಂಗ್ ಅಂತ ಎರಡು ನಿಲ್ದಾಣ ಬೇರೆ.

ಲಗೇಜು ತೂಕ ಹಾಕಿ

ಈಗ ಬ್ಯಾಗಿನ ಲೆಕ್ಕ. ದೇಶದೊಳಗೆ ಸಾಮಾನ್ಯವಾಗಿ ಕೈಯಲ್ಲಿ 7 ಕೆಜಿಯ ಒಂದು ಬ್ಯಾಗು, ಕೌಂಟರ್‌ನಲ್ಲಿ ಕೊಟ್ಟು ಕಳಿಸುವ ಚೆಕ್-ಇನ್ ಲಗೇಜಿಗೆ 15 ಕೆಜಿ. ಚೆಕ್-ಇನ್ ಬೇಡ ಅನ್ನುವವರಿಗೆ ಲೈಟ್ ಅಂತಲೋ ಕೈಚೀಲ ಮಾತ್ರ ಅಂತಲೋ ಇನ್ನೂ ಕಡಿಮೆ ದರ ಕೆಲವು ಕಂಪನಿಗಳಲ್ಲಿದೆ. ಹುಡುಕುವ ಸೈಟುಗಳು ಮೊದಲು ತೋರಿಸುವುದು ಎಷ್ಟೋ ಸಲ ಈ ದರವನ್ನೇ. ಗೊತ್ತಿಲ್ಲದೆ ಅದನ್ನು ತೆಗೆದು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋದರೆ ಕೌಂಟರ್‌ನಲ್ಲಿ ಕೆಜಿ ಲೆಕ್ಕದಲ್ಲಿ ಕೊಡಬೇಕು. ಜಾಸ್ತಿ ತೂಕ ಖಂಡಿತ ಇದೆ ಅಂತಾದರೆ ಮೊದಲೇ ಆನ್‌ಲೈನ್‌ನಲ್ಲಿ ಕಟ್ಟಿ. ಅಲ್ಲಿಗಿಂತ ಕಡಿಮೆ ಬೀಳುತ್ತದೆ.

ಹೋಗುವಾಗ ನಾವು ಲೈಟ್ ಟಿಕೆಟ್ಟೇ ತೆಗೆದೆವು. ನಾಲ್ಕು ದಿನಕ್ಕೆ ಒಬ್ಬರಿಗೆ 7 ಕೆಜಿ ಬೇಕಾದಷ್ಟಾಯಿತು. ಹಿಂದಿನ ರಾತ್ರಿ ಅಡುಗೆಮನೆಯ ಕೊಕ್ಕೆ ತಕ್ಕಡಿಗೆ ಒಂದೊಂದೇ ಬ್ಯಾಗು ನೇತುಹಾಕಿ ನೋಡಿದೆ. ಚಿಕ್ಕಮ್ಮನ ಬ್ಯಾಗು 9 ಕೆಜಿ! ಬಿಚ್ಚಿದರೆ ಒಳಗೆ ಒಂದು ಡಬ್ಬ ಮಾವಿನ ಉಪ್ಪಿನಕಾಯಿ, ಅರ್ಧ ಲೀಟರ್ ತುಪ್ಪ, ಪೂಜೆಗೆ ಅಂತ ನಾಲ್ಕು ಕೊಬ್ಬರಿ ಗಿಟುಕು. ಉಪ್ಪಿನಕಾಯಿ, ತುಪ್ಪವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಚೆಕ್-ಇನ್ ಲಗೇಜಿನಲ್ಲೂ ಬಿಡುವುದಿಲ್ಲ. ಮೂರೂ ಮನೆಯಲ್ಲೇ ಉಳಿದವು. ಚಪಾತಿ, ಚಟ್ನಿಪುಡಿ ಡಬ್ಬ ಮಾತ್ರ ಜೊತೆಗೆ ಬಂತು. ಸೆಕ್ಯುರಿಟಿಯವರು ಅದಕ್ಕೇನೂ ಅನ್ನಲಿಲ್ಲ. ಪವರ್ ಬ್ಯಾಂಕ್ ಮಾತ್ರ ಉಲ್ಟಾ. ಅದನ್ನು ಕೈಚೀಲದಲ್ಲೇ ಇಡಬೇಕು.

ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ. ಚೆಕ್-ಇನ್ ಲಗೇಜು ಇರುವವರಿಗೆ ಕೌಂಟರ್ ಹೊರಡುವ ಒಂದು ಗಂಟೆ ಮುಂಚೆ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. ಯಾವುದು ಅಂತ ಟಿಕೆಟ್‌ನಲ್ಲಿ ನೋಡಿ ಕ್ಯಾಬಿನವರಿಗೆ ಮೊದಲೇ ಹೇಳಿ.

ಬರುವಾಗಿನ ಟಿಕೆಟ್ ಮಾತ್ರ 15 ಕೆಜಿ ಸೇರಿದ್ದನ್ನೇ ತೆಗೆದಿದ್ದೆ. ಇಷ್ಟೆಲ್ಲ ಉಳಿಸಿ ಇಲ್ಲಿ ಯಾಕೆ ಜಾಸ್ತಿ ಕೊಟ್ಟೆ ಅಂತ ತಂಗಿ ಕೇಳಿದಳು. ಕಾಶಿಗೆ ಹೋದವರು ಬರಿಗೈಯಲ್ಲಿ ಬರುತ್ತಾರಾ? ಚಿಕ್ಕಮ್ಮ ಎರಡು ಬನಾರಸ್ ಸೀರೆ ಕೊಂಡರು. ಅಮ್ಮ ಓಣಿಯವರಿಗೆಲ್ಲ ಹಂಚಲು ಹದಿನೆಂಟು ಗಂಗೆಯ ತಂಬಿಗೆ ಕೊಂಡಳು. ಅಷ್ಟನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಸೀರೆಗಳಿಂದ ದೂರ ಬೇರೆ ಬ್ಯಾಗಿನಲ್ಲಿಟ್ಟೆ. ವಾರಾಣಸಿಯ ಕೌಂಟರ್‌ನಲ್ಲಿ ತೂಕ 14.6 ತೋರಿಸಿತು.